‘ಸಾಯಲಿ ಅಂತ ಹೊಡೆದದ್ದಲ್ಲ ಸಾರ್’: ನರಹತ್ಯೆಯ ಆರೋಪ ಎದುರಾದಾಗ

ಬದುವಿನ ಜಗಳ ಅಂದುಕೊಳ್ಳಿ. ಅಣ್ಣತಮ್ಮಂದಿರ ಮಕ್ಕಳ ನಡುವೆ ಭಾಗವಾದ ಜಮೀನು, ನಡುವೆ ಮೊಳದಗಲ ಬದು. ಉಳುಮೆಗೆ ಬಂದ ಟ್ರ್ಯಾಕ್ಟರು ಆ ಬದುವನ್ನು ಅರ್ಧ ತಿಂದುಹಾಕಿದೆ. ಮಾತಿಗೆ ಮಾತು ಬೆಳೆಯುತ್ತದೆ. ದೊಡ್ಡಪ್ಪನ ಮಗ ಕೊರಳಪಟ್ಟಿಗೆ ಕೈ ಹಾಕುತ್ತಾನೆ, ಇವನು ಕೈಯಲ್ಲಿದ್ದ ಗುದ್ದಲಿಯ ಕಾವಿನಿಂದ ಒಂದೇಟು ಹಾಕುತ್ತಾನೆ. ಏಟು ತಲೆಗೆ ಬೀಳುತ್ತದೆ. ಹೊಡೆಸಿಕೊಂಡವನು ಬೈಯುತ್ತಲೇ ಮನೆಗೆ ನಡೆದು ಹೋಗುತ್ತಾನೆ, ಊಟವನ್ನೂ ಮಾಡುತ್ತಾನೆ. ರಾತ್ರಿ ವಾಂತಿ ಶುರುವಾಗುತ್ತದೆ. ಮೂರನೆಯ ದಿನ ಜಿಲ್ಲಾಸ್ಪತ್ರೆಯಲ್ಲಿ ಜೀವ ಹೋಗುತ್ತದೆ. ಮೊದಲ ದಿನ ಹೊಡೆದಾಟದ ಕೇಸಾಗಿದ್ದದ್ದು ಈಗ ಕೊಲೆ ಕೇಸು. ‘ಸಾಯಲಿ ಅಂತ ಹೊಡೆದದ್ದಲ್ಲ ಸಾರ್’ ಎಂದು ಅವನು ಠಾಣೆಯ ಬೆಂಚಿನ ಮೇಲೆ ಕೂತು ಅಳುತ್ತಾನೆ.

ಆ ಮಾತು ನಿಜವೇ ಇರಬಹುದು. ನಮ್ಮ ಕಾನೂನು ಅದಕ್ಕೆ ಬೆಲೆಯನ್ನೂ ಕೊಡುತ್ತದೆ. ಆದರೆ ಆ ಬೆಲೆ ತಾನಾಗಿ ಸಿಗುವುದಿಲ್ಲ. ಕೊಲ್ಲುವ ಉದ್ದೇಶ ಇರಲಿಲ್ಲ ಎಂಬುದನ್ನು ಕಾವಿನ ಗಾತ್ರ, ಏಟಿನ ಲೆಕ್ಕ, ಜಗಳದ ಮೊದಲ ಹತ್ತು ನಿಮಿಷ, ಆಮೇಲೆ ಅವನು ನಡೆದುಕೊಂಡ ರೀತಿ ಇವೆಲ್ಲ ಸೇರಿ ಹೇಳಬೇಕು. ಆರೋಪಿಯ ಪರ ನಡೆಯುವ ವಾದದ ತಿರುಳು ಇದು: ಒಂದು ಸಾವು ಕಾನೂನಿನ ಯಾವ ಮನೆಯಲ್ಲಿ ಕೂರಬೇಕೋ ಆ ಮನೆಯಲ್ಲಿ ಅದನ್ನು ಕೂರಿಸುವುದು. ತಪ್ಪು ಮನೆಯಲ್ಲಿ ಕೂತರೆ ಎರಡು ವರ್ಷದಲ್ಲಿ ಮುಗಿಯಬೇಕಾದದ್ದು ಜೀವಾವಧಿಯಾಗಬಹುದು.

ಮನೆಗಳು ಎಷ್ಟು, ಯಾವುವು

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಘಟನೆ ಅದಕ್ಕಿಂತ ಮುಂಚಿನದಾದರೆ ಹಳೆಯ ಕಲಂಗಳೇ ಅನ್ವಯ. ಆದ್ದರಿಂದ ಎಫ್‌ಐಆರ್ ಕೈಗೆ ಬಂದಾಗ ಮೊದಲು ಘಟನೆಯ ದಿನಾಂಕ ನೋಡಿ, ಆಮೇಲೆ ಕಲಂ.

ಕೊಲೆಗೆ ಈಗ ಕಲಂ 103, ಹಿಂದೆ 302. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. ಅದರ ಕೆಳಗಿನದು ಕೊಲೆಯಲ್ಲದ ನರಹತ್ಯೆ: ಕಲಂ 105, ಹಿಂದಿನ 304. ಇದರಲ್ಲಿ ಎರಡು ಭಾಗ. ಸಾಯಿಸುವ ಅಥವಾ ಸಾವು ತರಬಹುದಾದ ಗಾಯ ಮಾಡುವ ಉದ್ದೇಶ ಇತ್ತು, ಆದರೂ ಕಾನೂನು ಒಪ್ಪುವ ಕಾರಣಕ್ಕೆ ಅದು ಕೊಲೆ ಆಗಲಿಲ್ಲ ಎನ್ನುವುದು ಮೊದಲ ಭಾಗ. ಅದಕ್ಕೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ ಸೆರೆ. ಉದ್ದೇಶ ಇರಲಿಲ್ಲ, ಆದರೆ ಹೀಗೆ ಮಾಡಿದರೆ ಸಾಯಬಹುದು ಎಂಬ ತಿಳಿವಳಿಕೆ ಇತ್ತು ಎನ್ನುವುದು ಎರಡನೆಯ ಭಾಗ. ಅದಕ್ಕೆ 10 ವರ್ಷದವರೆಗೆ ಸೆರೆ ಮತ್ತು ದಂಡ. ಕನಿಷ್ಠ ಇಷ್ಟು ಎಂಬ ಗೆರೆ ಇಲ್ಲಿಲ್ಲ.

ಇನ್ನೂ ಕೆಳಗೆ ನಿರ್ಲಕ್ಷ್ಯದಿಂದ ಆದ ಸಾವು. ಹಳೆಯ 304ಎ, ಈಗ 106(1). ಉದ್ದೇಶವೂ ಇಲ್ಲ, ತಿಳಿವಳಿಕೆಯೂ ಇಲ್ಲ. ದುಡುಕು ಅಥವಾ ಅಜಾಗರೂಕತೆ ಮಾತ್ರ. ಹಿಂದೆ ಇದಕ್ಕೆ ಗರಿಷ್ಠ 2 ವರ್ಷ, ನ್ಯಾಯಾಧೀಶರು ಮನಸ್ಸು ಮಾಡಿದರೆ ಬರೀ ದಂಡ. ಈಗ 5 ವರ್ಷದವರೆಗೆ ಸೆರೆ, ಜೊತೆಗೆ ದಂಡ. ‘ಅಥವಾ ದಂಡ’ ಎಂಬ ಎರಡು ಪದ ಹೊಸ ಕಲಮಿನಲ್ಲಿ ಇಲ್ಲ. ‘ದಂಡ ಕಟ್ಟಿ ಕೈತೊಳೆದುಕೊಳ್ಳಬಹುದು’ ಎಂದು ಹಳೆಯ ಅನುಭವದ ಮೇಲೆ ಧೈರ್ಯ ಹೇಳುವವರನ್ನು ನಂಬಬೇಡಿ. ವೈದ್ಯಕೀಯ ಚಿಕಿತ್ಸೆ ನೀಡುತ್ತಿರುವ ನೋಂದಾಯಿತ ವೈದ್ಯರಿಗೆ ಮಾತ್ರ ಗರಿಷ್ಠ 2 ವರ್ಷವೇ ಉಳಿದಿದೆ. ಅವರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ನಿರ್ಲಕ್ಷ್ಯ ಘೋರವಾಗಿರಬೇಕು, ಅದಕ್ಕೆ ಮುಂಚೆ ಬೇರೊಬ್ಬ ವೈದ್ಯರ ಸ್ವತಂತ್ರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ.

ಕೊನೆಯ ಮನೆ ಕಲಂ 18ರದು: ಆಕಸ್ಮಿಕ. ಕಾನೂನುಬದ್ಧ ಕೆಲಸವನ್ನು ಸರಿಯಾದ ರೀತಿಯಲ್ಲಿ, ಬೇಕಾದ ಎಚ್ಚರಿಕೆಯಿಂದ ಮಾಡುತ್ತಿರುವಾಗ ದುರದೃಷ್ಟದಿಂದ ಸಾವಾದರೆ ಅದು ಅಪರಾಧವೇ ಅಲ್ಲ.

ಮೊದಲ ಎರಡು ದಿನ

ವಕೀಲರ ಕೈಗೆ ಕಡತ ಬರುವ ಹೊತ್ತಿಗೆ ಪ್ರಕರಣದ ಅರ್ಧ ಹಣೆಬರಹ ಬರೆದಾಗಿರುತ್ತದೆ. ಅದಕ್ಕೇ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಗಾಯಗೊಂಡವರು ಇನ್ನೂ ಉಸಿರಾಡುತ್ತಿದ್ದರೆ ಮೊದಲ ಕೆಲಸ ಆಸ್ಪತ್ರೆ. ಮನುಷ್ಯರಾಗಿ ಮಾಡಲೇಬೇಕಾದದ್ದು ಅದು. ಮುಂದೆ ನ್ಯಾಯಾಲಯದಲ್ಲಿ, ಸಾಯಿಸುವ ಮನಸ್ಸಿರಲಿಲ್ಲ ಎನ್ನುವುದಕ್ಕೆ ಬಾಯಿಮಾತಿಗಿಂತ ಗಟ್ಟಿಯಾದ ಸಾಕ್ಷಿಯೂ ಅದೇ. ವಾಹನ ಚಾಲಕರಿಗಂತೂ ಮೋಟಾರು ವಾಹನ ಕಾಯ್ದೆಯ ಕಲಂ 134 ಇದನ್ನು ಕರ್ತವ್ಯವೆಂದೇ ವಿಧಿಸುತ್ತದೆ: ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಜನ ಸೇರಿ ಹೊಡೆಯುವ ಭಯವಿದ್ದರೆ ಸ್ಥಳದಲ್ಲಿ ನಿಲ್ಲಲಾಗದು ಎಂಬುದನ್ನು ಅದೇ ಕಲಂ ಒಪ್ಪುತ್ತದೆ. ಹಾಗಾದಾಗ ಗಾಡಿ ತಿರುಗಬೇಕಾದದ್ದು ಹತ್ತಿರದ ಠಾಣೆಯ ಕಡೆಗೆ, ಊರಿನ ಕಡೆಗಲ್ಲ. 112ಕ್ಕೆ ಕರೆ ಮಾಡಿದರೆ ಅದರ ಸಮಯ ದಾಖಲಾಗುತ್ತದೆ.

ಎರಡನೆಯದು, ಸುಳ್ಳು ಕಟ್ಟಬೇಡಿ. ಮಗ ಓಡಿಸುತ್ತಿದ್ದ ಕಾರಿಗೆ ಮನೆಯ ಡ್ರೈವರನ್ನು ‘ಹಾಜರುಪಡಿಸುವ’ ಸಲಹೆ ಕೊಡುವ ಹಿತೈಷಿಗಳು ಎಲ್ಲ ಊರಲ್ಲೂ ಇದ್ದಾರೆ. ಮೊಬೈಲ್ ಟವರ್, ಟೋಲ್‌ಗೇಟಿನ ಕ್ಯಾಮೆರಾ, ಸೀಟ್ ಬೆಲ್ಟ್ ಉಜ್ಜಿದ ಗುರುತು ಎಲ್ಲವೂ ಮಾತಾಡುವ ಕಾಲ ಇದು. ಸಾಕ್ಷ್ಯ ನಾಶ ಮಾಡುವುದು, ಅಪರಾಧಿಯನ್ನು ಕಾಪಾಡಲು ಸುಳ್ಳು ಮಾಹಿತಿ ಕೊಡುವುದು ಬೇರೆಯೇ ಅಪರಾಧ. ಜಾಮೀನು ಸಿಗಬಹುದಾಗಿದ್ದ ಅಪಘಾತದ ಕೇಸನ್ನು ಇಡೀ ಮನೆಯನ್ನೇ ಎಳೆದುಕೊಳ್ಳುವ ಸಂಚಿನ ಕೇಸಾಗಿ ಮಾಡುವುದು ಇಂಥ ‘ಉಪಾಯ’ಗಳೇ.

ಮೂರನೆಯದು ಮಾತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 23 ಇದನ್ನು ಹೇಳುತ್ತದೆ. ಆದರೆ ಅವನು ಕೊಟ್ಟ ಸುಳಿವಿನಿಂದ ಬಾವಿಗೆಸೆದ ಕಾವು ಸಿಕ್ಕಿತೆನ್ನಿ, ಆ ಪತ್ತೆಗೆ ಸಂಬಂಧಿಸಿದ ಮಾತಿನ ತುಣುಕು ಮಾತ್ರ ಸಾಕ್ಷ್ಯವಾಗುತ್ತದೆ. ಇನ್ನು ಬಂಧನಕ್ಕೆ ಮುಂಚೆ ನೆರೆಯವರ ಹತ್ತಿರ ಆಡಿದ್ದು, ಭಾವಮೈದುನನಿಗೆ ಫೋನಿನಲ್ಲಿ ಹೇಳಿದ್ದು, ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ ಧ್ವನಿ ಸಂದೇಶ ಇವುಗಳಿಗೆ ಆ ರಕ್ಷಣೆ ಇಲ್ಲವೇ ಇಲ್ಲ. ಕೋಪದಲ್ಲಿ ಹೇಳಿದ ‘ಸರಿಯಾಗಿ ಕೊಟ್ಟಿದೀನಿ ಬಿಡು’ ಎಂಬ ಒಂದು ವಾಕ್ಯ ಎರಡು ವರ್ಷದ ನಂತರ ಕಟಕಟೆಯಲ್ಲಿ ಓದಿಸಿಕೊಂಡಾಗ ಬೇರೆಯೇ ಅರ್ಥ ಕೊಡುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಹೆಸರು, ವಿಳಾಸ ಹೇಳಿ. ಉಳಿದದ್ದನ್ನು ವಕೀಲರ ಜೊತೆ ಮಾತಾಡಿ ಹೇಳುತ್ತೇನೆ ಎನ್ನುವುದು ಉದ್ಧಟತನವಲ್ಲ, ಹಕ್ಕು.

ಬಂಧಿಸಿದರೆ ಬಂಧನದ ಕಾರಣವನ್ನು ತಿಳಿಸಲೇಬೇಕು. ಅದನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿತು. ಆ ತೀರ್ಪು ಬಂದದ್ದೂ ಮುಂಬೈನ ವರ್ಳಿಯಲ್ಲಿ ಕಾರು ಗುದ್ದಿ ಮಹಿಳೆಯೊಬ್ಬರು ಸತ್ತ ಪ್ರಕರಣದಿಂದಲೇ. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 38ರಲ್ಲಿದೆ. ಖಾಲಿ ಹಾಳೆಗೆ ಸಹಿ ಹಾಕಬೇಡಿ, ಹೆಬ್ಬೆಟ್ಟನ್ನಂತೂ ಒತ್ತಲೇಬೇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೈಚೆಲ್ಲಿ ಕೂರಬೇಡಿ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಸಹಾಯವಾಣಿ 15100. ಪೊಲೀಸ್ ವಶದಲ್ಲಿ ಅಥವಾ ಜೈಲಿನಲ್ಲಿ ಇರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾಯ್ದೆ ಕೊಟ್ಟ ಹಕ್ಕು ಇದು, ಯಾರ ದಯೆಯೂ ಅಲ್ಲ.

ಜಗಳದಲ್ಲಿ ಆದ ಸಾವು

ಬದುವಿನ ಜಗಳಕ್ಕೆ ಮರಳೋಣ. ಕೊಲೆಯನ್ನು ವಿವರಿಸುವ ಕಲಂ 101ರಲ್ಲಿ ಐದು ವಿನಾಯಿತಿಗಳಿವೆ. ಅವುಗಳಲ್ಲಿ ಒಂದಕ್ಕೆ ಹೊಂದಿದರೆ ಕೊಲೆ ಎಂಬ ಮನೆಯಿಂದ ಪ್ರಕರಣ ಕೆಳಗಿಳಿಯುತ್ತದೆ. ಹಳ್ಳಿಯ ಜಗಳಗಳಿಗೆ ಹೆಚ್ಚು ಒದಗುವುದು ನಾಲ್ಕನೆಯದು, ಹಠಾತ್ ಹೊಡೆದಾಟ. ಮೊದಲೇ ಯೋಚಿಸಿಟ್ಟದ್ದಾಗಿರಬಾರದು, ಆ ಕ್ಷಣದ ಆವೇಶದಲ್ಲಿ ಆಗಿರಬೇಕು, ಎದುರಾಳಿಯ ಅಸಹಾಯಕತೆಯ ಲಾಭ ಪಡೆದಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ಮೊದಲು ಕೆಣಕಿದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ ಎಂದು ಕಲಂ ತಾನೇ ವಿವರಣೆ ಕೊಡುತ್ತದೆ.

ನ್ಯಾಯಾಲಯ ಇದನ್ನು ಅಳೆಯುವುದು ಬಹಳ ಲೌಕಿಕವಾದ ಪ್ರಶ್ನೆಗಳಿಂದ. ಆಯುಧ ಯಾವುದು? ಅದು ಅಲ್ಲೇ ಕೈಗೆ ಸಿಕ್ಕಿದ್ದೋ, ಮನೆಯಿಂದ ತಂದದ್ದೋ? ಏಟು ಬಿದ್ದದ್ದು ಎಲ್ಲಿಗೆ? ಒಂದೋ, ಹಲವೋ? ಹಿಂದಿನ ದ್ವೇಷ ಇತ್ತೇ? ಬಿದ್ದ ಮೇಲೂ ಹೊಡೆದನೇ? 2006ರ ಪುಲಿಚೆರ್ಲ ನಾಗರಾಜು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಶ್ನೆಗಳನ್ನು ಸಾಲಾಗಿ ಕೊಟ್ಟಿದೆ. ಹೊಲದಲ್ಲಿದ್ದವನ ಕೈಯಲ್ಲಿ ಗುದ್ದಲಿ ಇರುವುದು ಸಹಜ. ಜಗಳವಾದ ಮೇಲೆ ಮನೆಗೆ ಹೋಗಿ ಮಚ್ಚು ಹಿಡಿದು ಬಂದವನಿಗೆ ಆ ಸಹಜತೆ ಇಲ್ಲ. 1959ರ ಪ್ರಸಿದ್ಧ ನಾನಾವತಿ ಪ್ರಕರಣದಲ್ಲಿ ಹಠಾತ್ ಪ್ರಚೋದನೆಯ ವಾದ ಬಿದ್ದದ್ದು ಇದರಿಂದಲೇ: ಹೆಂಡತಿಯ ಮಾತು ಕೇಳಿದ ಮೇಲೆ ಆ ನೌಕಾಪಡೆಯ ಅಧಿಕಾರಿ ಹಡಗಿಗೆ ಹೋಗಿ ರಿವಾಲ್ವರ್ ತಂದಿದ್ದ, ನಡುವೆ ಮೂರು ಗಂಟೆ ಕಳೆದಿತ್ತು. ಮನಸ್ಸು ತಣಿಯಲು ಅಷ್ಟು ಹೊತ್ತು ಸಾಕು ಎಂದಿತು ಕೋರ್ಟು.

ಇದಕ್ಕೂ ಹಳೆಯದು 1876ರ ಬಾಂಬೆಯ ಗೋವಿಂದ ಪ್ರಕರಣ. ಹದಿನೆಂಟರ ಗಂಡ, ಹದಿನೈದರ ಹೆಂಡತಿ. ನೆಲಕ್ಕೆ ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಗುದ್ದಿದ. ಮೆದುಳಿನಲ್ಲಿ ರಕ್ತಸ್ರಾವವಾಗಿ ಆ ಹುಡುಗಿ ಸತ್ತಳು. ಓದುವಾಗ ಇವತ್ತಿಗೂ ಕರುಳು ಹಿಂಡುತ್ತದೆ. ಆದರೆ ಕೊಲ್ಲುವ ಉದ್ದೇಶ ಕಾಣುವುದಿಲ್ಲ, ಆ ಗಾಯ ಸಾಮಾನ್ಯ ಗತಿಯಲ್ಲಿ ಸಾವು ತರಲೇಬೇಕಾದಂಥದ್ದೂ ಅಲ್ಲ ಎಂದು ಕೋರ್ಟು ಅದನ್ನು ಕೊಲೆಯಲ್ಲದ ನರಹತ್ಯೆ ಎಂದು ಪರಿಗಣಿಸಿ 7 ವರ್ಷದ ಶಿಕ್ಷೆ ಕೊಟ್ಟಿತು. ‘ಸಾವು ತರಬಹುದಾದ’ ಗಾಯ ಮತ್ತು ‘ಸಾವು ತರಲು ಸಾಕಾಗುವ’ ಗಾಯ, ಈ ಎರಡರ ನಡುವಿನ ಕೂದಲೆಳೆಯ ಮೇಲೆಯೇ ನಮ್ಮ ಸೆಷನ್ಸ್ ಕೋರ್ಟುಗಳಲ್ಲಿ ಇಂದಿಗೂ ವಾದ ನಡೆಯುತ್ತದೆ. ಆದ್ದರಿಂದ ಮರಣೋತ್ತರ ಪರೀಕ್ಷೆಯ ವರದಿಯನ್ನು ನಿಮ್ಮ ವಕೀಲರು ಸಾಲುಸಾಲಾಗಿ ಓದಬೇಕು, ವೈದ್ಯರನ್ನು ಪಾಟೀಸವಾಲಿನಲ್ಲಿ ವಿವರವಾಗಿ ಕೇಳಬೇಕು.

ಇಲ್ಲಿ ಎರಡು ಭ್ರಮೆಗಳನ್ನು ಕಳಚಿಡಬೇಕು. ‘ಆಸ್ಪತ್ರೆಯಲ್ಲಿ ಸರಿಯಾಗಿ ನೋಡಲಿಲ್ಲ, ಅದಕ್ಕೇ ಸತ್ತ’ ಎನ್ನುವ ವಾದ ಒಂದು. ಒಳ್ಳೆಯ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದ ಎಂಬ ಕಾರಣಕ್ಕೆ ಗಾಯ ಮಾಡಿದವನು ಸಾವಿಗೆ ಕಾರಣನಲ್ಲ ಎನ್ನಲಾಗದು. ಕಲಂ 100ರ ವಿವರಣೆಯಲ್ಲೇ ಇದು ಇದೆ. ಇನ್ನೊಂದು, ‘ಅವನಿಗೆ ಮೊದಲೇ ಕಾಯಿಲೆ ಇತ್ತು’. ಕಾಯಿಲೆಯಿದ್ದವನ ಸಾವನ್ನು ಬೇಗ ತಂದರೂ ಸಾವು ತಂದಂತೆಯೇ. ಆದರೆ ಆ ಕಾಯಿಲೆ ಆರೋಪಿಗೆ ಗೊತ್ತೇ ಇರಲಿಲ್ಲ ಎಂಬುದು ಅವನ ಉದ್ದೇಶವನ್ನು, ತಿಳಿವಳಿಕೆಯನ್ನು ತೂಗುವಾಗ ಖಂಡಿತ ಲೆಕ್ಕಕ್ಕೆ ಬರುತ್ತದೆ.

ಕುಡಿದಿದ್ದೆ, ಏನು ಮಾಡಿದೆನೋ ಗೊತ್ತಿಲ್ಲ ಎಂಬ ಮಾತೂ ಕೈಹಿಡಿಯದು. ತಾನಾಗಿ ಕುಡಿದವನಿಗೆ, ಕುಡಿಯದೆ ಇದ್ದಿದ್ದರೆ ಇರುತ್ತಿದ್ದ ತಿಳಿವಳಿಕೆಯೇ ಇತ್ತು ಎಂದು ಕಾನೂನು ಭಾವಿಸುತ್ತದೆ.

ತನ್ನನ್ನು ಕಾಪಾಡಿಕೊಳ್ಳಲು ಹೊಡೆದದ್ದಾದರೆ ಅದು ಬೇರೆಯೇ ದಾರಿ. ಆತ್ಮರಕ್ಷಣೆಯ ಹಕ್ಕು ಕಲಂ 34ರಿಂದ 44ರವರೆಗೆ ಇದೆ. ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಕಾರಣವಾಗುವ ದಾಳಿ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಇಂಥವನ್ನು ತಡೆಯುವಾಗ ದಾಳಿಕೋರನ ಸಾವಾದರೂ ಅದು ಅಪರಾಧವಲ್ಲ. ಆದರೆ ಅಪಾಯ ಇರುವಷ್ಟು ಹೊತ್ತು ಮಾತ್ರ, ಬೇಕಾದಷ್ಟು ಬಲ ಮಾತ್ರ. ಓಡುತ್ತಿರುವವನ ಬೆನ್ನಟ್ಟಿ ಹೊಡೆದರೆ ಅದು ರಕ್ಷಣೆಯಲ್ಲ. ಸದುದ್ದೇಶದಿಂದ ರಕ್ಷಿಸಿಕೊಳ್ಳುತ್ತಲೇ ಮಿತಿ ಮೀರಿದ್ದರೆ ಅದೂ ಒಂದು ವಿನಾಯಿತಿ, ಕೊಲೆ 105ಕ್ಕೆ ಇಳಿಯುತ್ತದೆ.

ಈ ವಾದ ಗೆಲ್ಲುವುದು ಅಥವಾ ಸೋಲುವುದು ಒಂದು ಹಾಳೆಯ ಮೇಲೆ: ಗಾಯದ ಪ್ರಮಾಣಪತ್ರ. ನಿಮಗೂ ಏಟು ಬಿದ್ದಿದ್ದರೆ ಆ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲಿಸಿ. ಬಂಧನದಲ್ಲಿದ್ದರೆ ಪರೀಕ್ಷೆ ಮಾಡುವ ವೈದ್ಯರಿಗೆ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಬಟ್ಟೆ ಸರಿಸಿ ತೋರಿಸಿ. ನಿಮ್ಮ ದೂರನ್ನೂ ಕೊಡಿ. ಠಾಣೆಯ ಭಾಷೆಯಲ್ಲಿ ಕೌಂಟರ್ ಕೇಸು. ಆರೋಪಿಯ ಮೈಮೇಲಿನ ದೊಡ್ಡ ಗಾಯಗಳಿಗೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅವರು ಹೇಳುವ ಕಥೆಯೇ ಅನುಮಾನಕ್ಕೆ ಒಳಗಾಗುತ್ತದೆ ಎಂದು 1976ರ ಲಕ್ಷ್ಮೀ ಸಿಂಗ್ ಪ್ರಕರಣದಿಂದ ಇಲ್ಲಿಯವರೆಗೆ ಕೋರ್ಟುಗಳು ಹೇಳುತ್ತ ಬಂದಿವೆ. ಆತ್ಮರಕ್ಷಣೆಯನ್ನು ಸಂದೇಹಾತೀತವಾಗಿ ಸಾಬೀತು ಮಾಡುವ ಹೊರೆಯೂ ಆರೋಪಿಯ ಮೇಲಿಲ್ಲ. ಹೀಗೇ ಆಗಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು.

ರಸ್ತೆಯ ಮೇಲೆ

ನಮ್ಮಲ್ಲಿ ಸಾವಿನ ಆರೋಪ ಹೊತ್ತು ಕೋರ್ಟಿನ ಮೆಟ್ಟಿಲು ಹತ್ತುವ ಸಾಮಾನ್ಯ ಜನ ಹೆಚ್ಚಾಗಿ ಚಾಲಕರು: ಲಾರಿ, ಟೆಂಪೊ, ಸ್ಕೂಟರು, ಟ್ರ್ಯಾಕ್ಟರು. ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಎಂಬ ಒಕ್ಕಣೆ ಅಪಘಾತದ ಬಹುತೇಕ ಎಲ್ಲ ದೂರುಗಳಲ್ಲೂ ಅಚ್ಚು ಹಾಕಿದಂತೆ ಬರುತ್ತದೆ. ಅದನ್ನು ಓದಿ ಎದೆಗುಂದಬೇಡಿ. ಅದು ದೂರು, ರುಜುವಾತಲ್ಲ. ಈ ವಿಷಯದಲ್ಲಿ ದೇಶವೆಲ್ಲ ಉದಾಹರಿಸುವ ತೀರ್ಪು ನಮ್ಮ ರಾಜ್ಯದ್ದೇ. 1982ರ ನವೆಂಬರಿನಲ್ಲಿ ಹಳ್ಳ ದಾಟುವಾಗ ಲಾರಿಯೊಂದು ಮಗುಚಿ 15 ಜನ ಸತ್ತರು. ಕರ್ನಾಟಕ ರಾಜ್ಯ ಮತ್ತು ಸತೀಶ್ ನಡುವಿನ ಆ ಮೊಕದ್ದಮೆಯಲ್ಲಿ ಸಾಕ್ಷಿಗಳು ಹೇಳಿದ್ದು ‘ತುಂಬ ವೇಗವಾಗಿ ಬಂತು’ ಎಂದಷ್ಟೇ. ಎಷ್ಟಿದ್ದರೆ ತುಂಬ ವೇಗ? ಆ ರಸ್ತೆಗೆ, ಆ ಹೊತ್ತಿಗೆ? ಅದನ್ನು ಯಾರೂ ಹೇಳಲಿಲ್ಲ. ವೇಗವೊಂದೇ ದುಡುಕೂ ಅಲ್ಲ, ನಿರ್ಲಕ್ಷ್ಯವೂ ಅಲ್ಲ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಚಾಲಕನ ಬಿಡುಗಡೆಯನ್ನು ಎತ್ತಿಹಿಡಿಯಿತು. ಹದಿನೈದು ಮನೆಗಳ ದುಃಖಕ್ಕೆ ಆ ತೀರ್ಪಿನಿಂದ ಸಮಾಧಾನ ಸಿಕ್ಕಿರಲಾರದು. ಆದರೂ ಸಾವಿನ ಸಂಖ್ಯೆ ನೋಡಿ ತಪ್ಪನ್ನು ಊಹಿಸಬಾರದು ಎಂಬ ಆ ನಿಲುವು ಸರಿಯಾದದ್ದು ಎಂದೇ ನಾನು ನಂಬುತ್ತೇನೆ.

ಆದ್ದರಿಂದ ಅಪಘಾತದ ಕೇಸಿನಲ್ಲಿ ಕಾಗದಗಳೇ ಜೀವ. ಸ್ಥಳ ಮಹಜರು ಮತ್ತು ನಕ್ಷೆ: ರಸ್ತೆಯ ಅಗಲ, ಬ್ರೇಕಿನ ಗುರುತು, ತಿರುವು, ದೀಪ, ಹಂಪು, ಗುಂಡಿ. ಮೋಟಾರು ವಾಹನ ನಿರೀಕ್ಷಕರ ವರದಿ: ಯಾಂತ್ರಿಕ ದೋಷ ಇತ್ತೇ, ಜಖಂ ಮುಂದೆ ಆಗಿದೆಯೋ ಪಕ್ಕದಲ್ಲೋ. ಪೊಲೀಸರ ನಕ್ಷೆಯಲ್ಲಿ ಗುಂಡಿ ಬಿಟ್ಟುಹೋಗಿದ್ದರೆ ನೀವೇ ಮರುದಿನ ಫೋಟೊ ತೆಗೆಸಿಡಿ. ಮಳೆಗೋ ಡಾಂಬರಿಗೋ ಅದು ಕಾಣೆಯಾಗುತ್ತದೆ. ಅಂಗಡಿಯ ಕ್ಯಾಮೆರಾದ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಡುವಂತೆ ಬರಹದಲ್ಲಿ ಕೇಳಿ. ಕೋರ್ಟಿಗೆ ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಜೊತೆಗಿರಬೇಕು, ಇಲ್ಲದಿದ್ದರೆ ಎಷ್ಟೇ ಸ್ಪಷ್ಟವಾದ ವಿಡಿಯೊ ಆದರೂ ಲೆಕ್ಕಕ್ಕಿಲ್ಲ.

ಲೈಸೆನ್ಸ್ ಇರಲಿಲ್ಲ ಎಂಬುದು ಬೇರೆ ಅಪರಾಧ, ಅದೊಂದರಿಂದಲೇ ಸಾವಿನ ಹೊಣೆ ಸಾಬೀತಾಗುವುದಿಲ್ಲ. ಮದ್ಯದ ಮಾತು ಮಾತ್ರ ಹಾಗಲ್ಲ. 2006ರ ನವೆಂಬರಿನಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿದು ಏಳು ಜನ ಸತ್ತಾಗ ವಿಚಾರಣಾ ನ್ಯಾಯಾಲಯ ನಿರ್ಲಕ್ಷ್ಯ ಎಂದು 6 ತಿಂಗಳು ಕೊಟ್ಟಿತ್ತು. ಹೈಕೋರ್ಟ್ ಅದನ್ನು ಕೊಲೆಯಲ್ಲದ ನರಹತ್ಯೆಯ ಎರಡನೆಯ ಭಾಗಕ್ಕೆ ಏರಿಸಿ 3 ವರ್ಷ ವಿಧಿಸಿತು, 2012ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಕುಡಿದು ಹಾಗೆ ಓಡಿಸಿದರೆ ಜನ ಸಾಯಬಹುದೆಂಬ ತಿಳಿವಳಿಕೆ ಚಾಲಕನಿಗೆ ಇರಲೇಬೇಕು ಎನ್ನುವುದು ತರ್ಕ. ಪೊಲೀಸರು 106ರ ಬದಲು 105 ಹಾಕಿದ್ದಾರೆ ಎಂದರೆ ನಿಮ್ಮ ವಕೀಲರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಆ ತಿಳಿವಳಿಕೆಯನ್ನು ತೋರಿಸುವ ಸಂಗತಿ ಕಡತದಲ್ಲಿ ಯಾವುದಿದೆ? ಜನರ ಆಕ್ರೋಶ ಹೆಚ್ಚಿದೆ ಎಂಬುದು ಅದಕ್ಕೆ ಉತ್ತರವಲ್ಲ.

ಗುದ್ದಿ ಓಡಿಹೋದವರಿಗೆ 10 ವರ್ಷದವರೆಗೆ ಶಿಕ್ಷೆ ಹೇಳುವ 106(2)ರ ಬಗ್ಗೆ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ನೆನಪಿರಬಹುದು. ಜುಲೈ 1ರಂದು ಉಳಿದ ಸಂಹಿತೆ ಜಾರಿಗೆ ಬಂದಾಗ ಈ ಉಪಕಲಂ ಒಂದನ್ನು ಕೇಂದ್ರ ತಡೆಹಿಡಿಯಿತು. ಹಾಗೆಂದು ಓಡಿಹೋಗುವುದಕ್ಕೆ ಪರವಾನಗಿ ಸಿಕ್ಕಿತೆಂದಲ್ಲ. 134ರ ಕರ್ತವ್ಯ ಹಾಗೆಯೇ ಇದೆ, ಓಡಿದವನ ಬಗ್ಗೆ ನ್ಯಾಯಾಲಯದ ಮನಸ್ಸೂ ಹಾಗೆಯೇ ಇದೆ.

ಬೇಲಿ, ಗೋಡೆ, ಕಾರ್ಖಾನೆ

ಮಲೆನಾಡಿನ, ಅರೆಮಲೆನಾಡಿನ ಓದುಗರಿಗೆ ಒಂದು ಮಾತು. ಹಂದಿ ಕಾಟಕ್ಕೆಂದು ತೋಟದ ಬೇಲಿಗೆ ಕಂಬದಿಂದ ನೇರವಾಗಿ ಕರೆಂಟು ಹರಿಸಬೇಡಿ. ಸೋಲಾರ್ ಬೇಲಿಯ ಮಿಡಿತದ ಶಾಕ್ ಬೇರೆ, ಇದು ಬೇರೆ. ‘ನನ್ನ ತೋಟಕ್ಕೆ ಅವನು ಯಾಕೆ ಬಂದ’ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1963ರಲ್ಲೇ ಉತ್ತರ ಕೊಟ್ಟಾಗಿದೆ. ಬಿಹಾರದಲ್ಲೊಬ್ಬ ತನ್ನ ಶೌಚಾಲಯವನ್ನು ನೆರೆಯವರು ಬಳಸಬಾರದೆಂದು ದಾರಿಗೆ ಕರೆಂಟಿನ ಬೆತ್ತಲೆ ತಂತಿ ಎಳೆದಿದ್ದ. ಹೆಣ್ಣುಮಗಳೊಬ್ಬಳು ಸತ್ತಳು. ಅಕ್ರಮವಾಗಿ ಒಳಬಂದವರ ಜೀವಕ್ಕೂ ಬೆಲೆ ಇದೆ ಎಂದು ಚೆರುಬಿನ್ ಗ್ರೆಗರಿ ಎಂಬ ಆ ಪ್ರಕರಣದಲ್ಲಿ ಶಿಕ್ಷೆ ಖಾಯಂ ಆಯಿತು. ಇಂಥ ಕೇಸಿನಲ್ಲಿ ಆಕಸ್ಮಿಕ ಎಂಬ ವಾದ ನಿಲ್ಲದು, ಏಕೆಂದರೆ ಕೆಲಸವೇ ಕಾನೂನುಬದ್ಧವಲ್ಲ.

ಕಟ್ಟಡ ಕುಸಿದಾಗ, ಕಾರ್ಖಾನೆಗೆ ಬೆಂಕಿ ಬಿದ್ದಾಗ ಮಾಲೀಕರಿಂದ ಮೇಸ್ತ್ರಿಯವರೆಗೆ ಎಲ್ಲರ ಹೆಸರೂ ಎಫ್‌ಐಆರಿಗೆ ಬರುತ್ತದೆ. ಇಲ್ಲಿ ಒದಗುವುದು ಕಾರ್ಯಕಾರಣದ ವಾದ. ಮುಂಬೈನ ಬಣ್ಣದ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು ಏಳು ಕೆಲಸಗಾರರು ಸತ್ತ ಪ್ರಕರಣದಲ್ಲಿ (ಕುರ್ಬಾನ್ ಹುಸೇನ್ ರಂಗವಾಲಾ, 1965) ಮಾಲೀಕ ಪರವಾನಗಿ ಮೀರಿ ಬರ್ನರ್ ಇಟ್ಟಿದ್ದು ತಪ್ಪೇ. ಆದರೆ ಬೆಂಕಿಗೆ ನೇರ ಕಾರಣ ಕೆಲಸಗಾರನೊಬ್ಬ ಕುದಿಯುವ ಮಿಶ್ರಣಕ್ಕೆ ಬೇಗನೆ ಟರ್ಪೆಂಟೈನ್ ಸುರಿದದ್ದು ಎಂದು ಕೋರ್ಟು 304ಎ ಆರೋಪದಿಂದ ಮಾಲೀಕನನ್ನು ಬಿಟ್ಟಿತು. ನಿರ್ಲಕ್ಷ್ಯ ಇದ್ದರೆ ಸಾಲದು, ಸಾವಿಗೆ ನೇರವಾದ, ಹತ್ತಿರದ ಕಾರಣ ಅದೇ ಆಗಿರಬೇಕು.

ಜಾಮೀನು, ರಾಜಿ

106(1) ಜಾಮೀನು ಸಿಗುವ ಅಪರಾಧ. ಶ್ಯೂರಿಟಿ ಕೊಟ್ಟರೆ ಠಾಣೆಯಲ್ಲೇ ಬಿಡಬೇಕು. ಜನ ಹೇಳುವ ಸ್ಟೇಷನ್ ಬೇಲ್ ಇದೇ. ಇದಕ್ಕೆ ಯಾರ ಕೈಗೂ ‘ಖರ್ಚು’ ಕೊಡಬೇಕಿಲ್ಲ. 105 ಜಾಮೀನುರಹಿತ, ಸೆಷನ್ಸ್ ಕೋರ್ಟಿನದು. ಬಂಧನದ ಭಯವಿದ್ದರೆ ಸುರಕ್ಷಾ ಸಂಹಿತೆಯ ಕಲಂ 482ರಲ್ಲಿ ನಿರೀಕ್ಷಣಾ ಜಾಮೀನು, ಬಂಧನವಾದ ಮೇಲೆ 483. ಜೀವಾವಧಿಯವರೆಗೆ ಶಿಕ್ಷೆ ಇರುವ ಕೇಸಿನಲ್ಲಿ ಬಂಧಿತನಿರುವಾಗ 90 ದಿನದಲ್ಲಿ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಿದವರಿಗೆ ಮಾತ್ರ. ಪಟ್ಟಿ ಸಲ್ಲಿಕೆಯಾಗುವ ಮುಂಚೆ ಅರ್ಜಿ ಹಾಕದಿದ್ದರೆ ಆ ಹಕ್ಕು ಕೈತಪ್ಪುತ್ತದೆ. ದಿನ ಎಣಿಸುವ ಕೆಲಸವನ್ನು ಮನೆಯವರೊಬ್ಬರು ಹೊತ್ತುಕೊಳ್ಳಲಿ. ಶ್ಯೂರಿಟಿ ನಿಲ್ಲುವವರ ಪಹಣಿ, ಆಧಾರ್ ಮೊದಲೇ ಸಿದ್ಧವಿರಲಿ. ಆದೇಶ ಬಂದ ಮೇಲೂ ಕಾಗದವಿಲ್ಲದೆ ಜೈಲಿನಲ್ಲಿ ದಿನ ಕಳೆಯುವವರಿದ್ದಾರೆ.

ಊರ ಹಿರಿಯರು ಸೇರಿಸಿ ಸತ್ತವರ ಮನೆಗೆ ಪರಿಹಾರ ಕೊಡಿಸಿದರೆ ಕೇಸು ಮುಗಿಯಿತು ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಕೊಲ್ಲಿ ದೇಶಗಳಲ್ಲಿ ಗಾಡಿ ಓಡಿಸಿ ಬಂದ ಕರಾವಳಿಯವರಿಗೆ ಅಲ್ಲಿನ ‘ದಿಯಾ’ ಪರಿಹಾರದ ಪರಿಚಯ ಇರುವುದರಿಂದ ಈ ಗೊಂದಲ ಇನ್ನೂ ಹೆಚ್ಚು. ನಮ್ಮಲ್ಲಿ 105 ಆಗಲಿ 106 ಆಗಲಿ ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ದೂರುದಾರರು ‘ನಮಗೆ ಕೇಸು ಬೇಡ’ ಎಂದರೂ ಮೊಕದ್ದಮೆ ಸರ್ಕಾರದ್ದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೊಕದ್ದಮೆ ಬೇರೆ, ಅಲ್ಲಿ ಹಣ ಕೊಡುವುದು ಸಾಮಾನ್ಯವಾಗಿ ವಿಮಾ ಕಂಪನಿ. ಸತ್ತವರ ಮನೆಗೆ ನೆರವಾಗಬೇಡಿ ಎಂದು ನಾನು ಹೇಳುತ್ತಿಲ್ಲ. ನೆರವಾಗಿ, ಆದರೆ ವಕೀಲರ ಮೂಲಕ, ದಾಖಲೆ ಇಟ್ಟು. ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಅದನ್ನು ಕೋರ್ಟಿನ ಮುಂದಿಡಬಹುದು. ಸಾಕ್ಷಿಗಳ ಮನೆಗೆ ಮಾತ್ರ ಹೋಗಬೇಡಿ, ಜಾಮೀನು ರದ್ದಾಗುತ್ತದೆ.

ಕಟಕಟೆಯಲ್ಲಿ

ದೋಷಾರೋಪ ಪಟ್ಟಿಯ ಪ್ರತಿ ಉಚಿತವಾಗಿ ಸಿಗುತ್ತದೆ. ಆರೋಪಕ್ಕೆ ಆಧಾರವೇ ಇಲ್ಲದಿದ್ದರೆ ಆರೋಪ ಹೊರಿಸುವ ಮೊದಲೇ ಬಿಡುಗಡೆ ಕೋರಬಹುದು. ಸೆಷನ್ಸ್ ಪ್ರಕರಣದಲ್ಲಿ ಇದಕ್ಕೆ ಪ್ರಕರಣ ಒಪ್ಪಿಸಿದ ದಿನದಿಂದ 60 ದಿನದ ಗಡುವನ್ನು ಹೊಸ ಸಂಹಿತೆ ಹಾಕಿದೆ. ಪೂರ್ತಿ ಬಿಡುಗಡೆ ಸಿಗದಿದ್ದರೂ 103ರ ಬದಲು 105, ಅಥವಾ 105ರ ಬದಲು 106 ಎಂದು ವಾದಿಸುವುದಕ್ಕೆ ಇದೇ ಸರಿಯಾದ ಹೊತ್ತು. ಭೋಪಾಲದ ಅನಿಲ ದುರಂತದ ಆರೋಪ ನರಹತ್ಯೆಯಿಂದ ನಿರ್ಲಕ್ಷ್ಯಕ್ಕೆ ಇಳಿದದ್ದು 1996ರಲ್ಲಿ, ವಿಚಾರಣೆ ಇನ್ನೂ ಬಾಕಿ ಇರುವಾಗಲೇ. ಅದು ಸರಿಯಾಯಿತೇ ಎಂಬ ನೋವು ಇವತ್ತಿಗೂ ಆರಿಲ್ಲ. ಆದರೆ ಈ ಹಂತಕ್ಕೆ ಎಷ್ಟು ಬಲವಿದೆ ಎಂಬುದನ್ನು ಅದು ತೋರಿಸುತ್ತದೆ.

ಸಾಯುವ ಮುಂಚೆ ಗಾಯಾಳು ಕೊಟ್ಟ ಹೇಳಿಕೆ ಮರಣಕಾಲದ ಹೇಳಿಕೆಯಾಗಿ ಬರುತ್ತದೆ. ಬರೆದುಕೊಂಡವರು ಯಾರು, ಮಾತಾಡುವ ಸ್ಥಿತಿ ಇತ್ತೆಂದು ವೈದ್ಯರು ದೃಢೀಕರಿಸಿದ್ದಾರೆಯೇ, ಸುತ್ತ ಯಾರಿದ್ದರು ಎಂಬುದನ್ನು ಬಿಡಿಸಿ ನೋಡಬೇಕು.

ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ನೇರವಾಗಿ ಆರೋಪಿಯನ್ನೇ ಕೇಳುವ ಒಂದು ಘಟ್ಟ ಇದೆ. ಹಳೆಯ 313, ಈಗಿನ ಸುರಕ್ಷಾ ಸಂಹಿತೆಯ 351. ಪ್ರಶ್ನೆ ನೂರಿರಲಿ, ‘ಸುಳ್ಳು’, ‘ಗೊತ್ತಿಲ್ಲ’ ಎಂದಷ್ಟೇ ಹೇಳಿ ಇಳಿದುಬರುವವರೇ ಹೆಚ್ಚು. ‘ಏನೂ ಒಪ್ಪಿಕೊಳ್ಳಬೇಡ’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಸ್ಥಳದಲ್ಲೇ ಇರಲಿಲ್ಲ ಎನ್ನುವ ವಾದವಾದರೆ ಸರಿ. ಆದರೆ ಹಠಾತ್ ಜಗಳ, ಆತ್ಮರಕ್ಷಣೆ, ಆಕಸ್ಮಿಕ ಎಂಬ ವಾದ ಇರುವವನು ಇಲ್ಲಿ ಬಾಯಿಬಿಡದಿದ್ದರೆ ಇನ್ನೆಲ್ಲಿ ಬಿಡುತ್ತಾನೆ? ಬದುವಿನ ಹತ್ತಿರ ಏನಾಯಿತು, ಕೊರಳಪಟ್ಟಿ ಯಾರು ಹಿಡಿದರು, ಕಾವು ಕೈಯಲ್ಲಿ ಯಾಕಿತ್ತು, ಏಟು ಎಷ್ಟು ಎಂಬುದನ್ನು ತನ್ನ ಮಾತಿನಲ್ಲಿ ಹೇಳಬಹುದು, ಬರೆದೂ ಕೊಡಬಹುದು. ಪ್ರಮಾಣ ಮಾಡಿ ಹೇಳುವ ಸಾಕ್ಷ್ಯವಲ್ಲ ಅದು, ಆದರೂ ನ್ಯಾಯಾಧೀಶರು ಗಣನೆಗೆ ತೆಗೆದುಕೊಳ್ಳುತ್ತಾರೆ. ವಕೀಲರ ಜೊತೆ ಒಂದು ಸಂಜೆ ಕೂತು ಈ ಹೇಳಿಕೆಯನ್ನು ಸಿದ್ಧಪಡಿಸಿಕೊಳ್ಳಿ. ಕೋರ್ಟಿಗೆ ಕನ್ನಡದಲ್ಲೇ ಹೇಳಿ.

ಶಿಕ್ಷೆಯಾದರೆ ತೀರ್ಪಿನ ಪ್ರತಿಯನ್ನು ಅಂದೇ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಮ್ಯಾಜಿಸ್ಟ್ರೇಟ್ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ, ಸೆಷನ್ಸ್ ತೀರ್ಪಿನ ಮೇಲೆ ಬೆಂಗಳೂರು, ಧಾರವಾಡ, ಕಲಬುರಗಿಯ ಹೈಕೋರ್ಟ್ ಪೀಠಗಳಿಗೆ 60 ದಿನದೊಳಗೆ ಮೇಲ್ಮನವಿ. ಜಾಮೀನಿನ ಮೇಲಿದ್ದು 3 ವರ್ಷ ಮೀರದ ಶಿಕ್ಷೆಯಾದವರು ಮೇಲ್ಮನವಿ ಹಾಕುವುದಾಗಿ ಹೇಳಿದರೆ ಶಿಕ್ಷೆ ಕೊಟ್ಟ ನ್ಯಾಯಾಲಯವೇ ಅಷ್ಟು ದಿನಕ್ಕೆ ಜಾಮೀನು ನೀಡಬಹುದು. ತೀರ್ಪಿನ ದಿನ ಶ್ಯೂರಿಟಿಯವರನ್ನು, ಅವರ ಕಾಗದಗಳ ಜೊತೆ, ಕೋರ್ಟಿನ ಹೊರಗೇ ನಿಲ್ಲಿಸಿಕೊಂಡಿರಿ.